ಟವೆಲು ಬಿದ್ದ ಬಸ್ಸು

ನಲವತ್ತು ದಾಟಿದ ಮೇಲೆ ನಾನು ಮನೆಯಲ್ಲಿದ್ದುಕೊಂಡೇ ಮನಃಶಾಸ್ತ್ರದ ಎಂ.ಎ.ಗೆ ಕಟ್ಟಿದೆ. ಎಲ್ಲ ಪೇಪರೂ ಆಯಿತು, ಸಾಮಾಜಿಕ ಮನೋವಿಜ್ಞಾನ ಒಂದು ಕೈಕೊಟ್ಟಿತು. ಈ ಸಲವೂ ಹೋದರೆ ಪುಸ್ತಕಗಳು ಅಟ್ಟಕ್ಕೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ನಮ್ಮತ್ತೆ.

"ಮನ್ಸ್ರ ಬುದ್ಧಿ ತಿಳ್ಕಳಾಕೆ ಪುಸ್ತಕ ಯಾಕವ್ವ? ಓದು ನಿಂಗೆ ಒಗ್ಗಲ್ಲ ಬುಡು."

ಒಬ್ಬರನ್ನು ದಡ್ಡರು ದಡ್ಡರು ಎನ್ನುತ್ತಿದ್ದರೆ ಅವರು ನಿಜವಾಗಿಯೂ ಹಾಗೇ ಆಗಿಬಿಡುವುದಕ್ಕೆ ನನ್ನ ಪುಸ್ತಕದಲ್ಲಿ ಒಂದು ಹೆಸರಿದೆ: ತನ್ನನ್ನು ತಾನೇ ನಿಜಮಾಡಿಕೊಳ್ಳುವ ಭವಿಷ್ಯವಾಣಿ. ಅತ್ತೆಗೆ ಅದನ್ನು ವಿವರಿಸುವ ಧೈರ್ಯ ನನಗೆ ಬರಲಿಲ್ಲ.

ಪರೀಕ್ಷೆ ಇದ್ದದ್ದು ಹಾಸನದಲ್ಲಿ, ಭಾನುವಾರ. ಅಲ್ಲೇ ಇರುವ ತಮ್ಮ ತಂಗಿಯನ್ನು ನೋಡಿ ಬರುತ್ತೇನೆಂದು ಅತ್ತೆಯೂ ಹೊರಟರು. ಮದುವೆ ಸೀಸನ್ನು, ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಅಷ್ಟರಲ್ಲಿ ಖಾಲಿ ಬಸ್ಸೊಂದು ಬಂದು ನಿಂತಿತು. ಯಾರೋ ಕಿಟಕಿಯಿಂದ ಒಳಗೆ ಟವೆಲು ಎಸೆದರು. ಆಮೇಲೆ ಕೇಳಬೇಕೆ? ಕರ್ಚೀಫು, ಬ್ಯಾಗು, ಕೊನೆಗೆ ಒಬ್ಬರ ಊಟದ ಡಬ್ಬಿಯೂ ಒಳಗೆ ಬಿತ್ತು. ನಮ್ಮ ಕಡೆ ಟವೆಲು ಬಿದ್ದ ಸೀಟೆಂದರೆ ರಿಜಿಸ್ಟರ್ ಆದ ಆಸ್ತಿ. ಅದನ್ನೆತ್ತಿ ಕೂತವರ ವಂಶವನ್ನೇ ಜಾಲಾಡುತ್ತಾರೆ. ಅತ್ತೆಯ ಹಸಿರು ಟವೆಲು ಡ್ರೈವರ್ ಹಿಂದಿನ ಸೀಟಿಗೇ ಹೋಗಿ ಬಿತ್ತು.

ಕೂತೆವು. ಇಳಿದು ಹೋದ ಡ್ರೈವರ್ ಎಷ್ಟು ಹೊತ್ತಾದರೂ ಬರಲಿಲ್ಲ. ಬಸ್ಸಿಗೆ ಬೋರ್ಡೇ ಇರಲಿಲ್ಲವಲ್ಲ ಎಂದು ಆಗ ನನಗೆ ಹೊಳೆಯಿತು. ಇದು ಹಾಸನಕ್ಕೇ ತಾನೇ ಎಂದು ಪಕ್ಕದಾಕೆಯನ್ನು ಕೇಳಿದೆ.

"ಆಸನಕ್ಕೇ ಇರ್ಬೇಕು ಕಣಮ್ಮ. ಎಲ್ರೂ ಕೂತವ್ರಲ್ಲ" ಎಂದಳು.

ಎಲ್ಲರ ಉತ್ತರವೂ ಅದೇ. ಯಾರಿಗೂ ಗೊತ್ತಿಲ್ಲ, ಆದರೆ ಮಿಕ್ಕವರು ನಿರಾಳವಾಗಿ ಕೂತಿದ್ದಾರೆಂದು ಎಲ್ಲರೂ ನಿರಾಳ. ಇಳಿದು ಕೇಳೋಣವೆಂದರೆ ಸೀಟಿನ ಆಸೆ. ಗುಂಪಿನ ಅನುಸರಣೆ ಎಂದು ವಾರವಿಡೀ ಉರು ಹೊಡೆದವಳು ನಾನೇ, ಮೊದಲು ಹತ್ತಿದವರಲ್ಲಿ ಒಬ್ಬಳೂ ನಾನೇ. ಕೆನ್ನೆಗೆ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಸೀಟು ಅತ್ತೆಗೆ ಒಪ್ಪಿಸಿ ವಿಚಾರಣೆ ಕಿಟಕಿಗೆ ಓಡಿದೆ. "ಅದು ಕೆಟ್ಟಿರೋ ಗಾಡಿ ಅಮ್ಮ, ಡಿಪೋಗೆ ಓಯ್ತದೆ. ಆಸನದ್ದು ಆ ಕೊನೇಲಿ ನಿಂತದೆ ನೋಡಿ" ಎಂದರು ಅಲ್ಲಿದ್ದವರು.

ಓಡಿ ಬಂದು ಬಾಗಿಲಲ್ಲಿ ನಿಂತು ಅದನ್ನೇ ಹೇಳಿದೆ. ಒಬ್ಬರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬರು, "ಇಷ್ಟು ಜನಾನೂ ದಡ್ಡರಾ? ಸೀಟ್ ಬುಡ್ಸಾಕೆ ಏನೋ ಯೋಳ್ತಾವ್ಳೆ ಬುಡ್ರಿ" ಎಂದರು. ಗುದ್ದಾಡಿ ಹಿಡಿದದ್ದು ತಪ್ಪು ಬಸ್ಸು ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಕಷ್ಟ. ಅದಕ್ಕೂ ಪುಸ್ತಕದಲ್ಲಿ ಹೆಸರಿದೆ. ಹೆಸರು ಕಟ್ಟಿಕೊಂಡು ಏನು ಮಾಡಲಿ, ಆ ಕೊನೆಯಲ್ಲಿ ಹಾಸನದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಅತ್ತೆಯನ್ನು ನೋಡಿದೆ. ಹಿಡಿದ ಸೀಟನ್ನು ಅವರು ಬಿಟ್ಟದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ. ಅವರು ಕೂತ ಸೀಟನ್ನೊಮ್ಮೆ ಸವರಿದರು, ನನ್ನ ಮುಖ ನೋಡಿದರು, ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ನನ್ ಸೊಸೆ ಇದ್ನೇ ಓದವ್ಳೆ ಕಣ್ರಪ್ಪ. ಅವ್ಳು ಯೋಳಿದ್ ಮೇಲೆ ಮುಗೀತು. ಏಳ್ರಿ."

ನಾನು ಒಬ್ಬಳೇ ಹೇಳಿದಾಗ ಅಲುಗದ ಬಸ್ಸು ನಾವು ಇಬ್ಬರಾದ ಕೂಡಲೇ ದಬದಬನೆ ಖಾಲಿಯಾಯಿತು. ಹಾಸನದವರೆಗೂ ನಿಂತೇ ಹೋದೆವು. ಕಂಬಿ ಹಿಡಿದು ನಿಂತ ಅತ್ತೆ, ಕಾಲು ನೋವೆಂದು ನನಗೆ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದರು. ನನಗೋ ಖುಷಿಗೆ ಕಣ್ಣು ತುಂಬಿ ಬರುತ್ತಿತ್ತು.

ಪರೀಕ್ಷೆಯಲ್ಲಿ ಗುಂಪಿನ ಒತ್ತಡ ಯಾವಾಗ ಸಡಿಲವಾಗುತ್ತದೆ ಎಂಬ ಪ್ರಶ್ನೆ ಬಂದಿತ್ತು. ಗುಂಪಿಗೆ ವಿರುದ್ಧವಾಗಿ ಮಾತಾಡುವವರಿಗೆ ಇನ್ನೊಬ್ಬರು ಜೊತೆಯಾದಾಗ ಎಂದು ಬರೆದೆ. ಪಾಸಾದೆ.

ಈಗ ಅತ್ತೆ ಬೀದಿಯವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ನನ್ ಸೊಸೆಗೆ ಓದು ಒಗ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣವ್ವ."

ಆದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನಿಸುವುದಕ್ಕೂ ನನ್ನ ಪುಸ್ತಕದಲ್ಲಿ ಒಂದು ಹೆಸರಿದೆ. ಅತ್ತೆಗೆ ಅದನ್ನೂ ನಾನು ಹೇಳಿಲ್ಲ.