ಗೋಡೆಯ ಮೇಲೊಂದು ಕೆರೆ

ನಮ್ಮ ಮನೆಯ ಮೂರನೆಯ ಕೋಣೆಗೆ ಬಹಳ ಕಾಲ ಹೆಸರೇ ಇರಲಿಲ್ಲ. ಜೆ.ಪಿ. ನಗರದ ಈ ಫ್ಲಾಟಿಗೆ ಬಂದ ಹೊಸದರಲ್ಲಿ ಅದನ್ನು ಮಕ್ಕಳ ಕೋಣೆ ಎಂದು ಕರೆಯುತ್ತಿದ್ದೆವು. ಮಕ್ಕಳಾಗುವುದಿಲ್ಲವೆಂದು ಖಚಿತವಾದ ಮೇಲೆ ನಾನೂ ನಮ್ಮವರೂ ಒಂದು ಮಾತೂ ಆಡಿಕೊಳ್ಳದೆ ಆ ಹೆಸರನ್ನು ಕೈಬಿಟ್ಟೆವು. ಇಸ್ತ್ರಿ ಮೇಜು, ಗೌರಿಹಬ್ಬಕ್ಕಷ್ಟೇ ಅಟ್ಟದಿಂದ ಇಳಿಯುವ ಹಿತ್ತಾಳೆ ಪಾತ್ರೆಗಳು, ಚಕ್ರ ಮುರಿದ ಸೂಟ್‌ಕೇಸು, ಹೀಗೆ ಬೇಕೆನ್ನಲಾಗದ, ಬೇಡವೆನ್ನಲೂ ಮನಸ್ಸು ಬಾರದ ಸಾಮಾನುಗಳೆಲ್ಲ ಅಲ್ಲಿ ಒಂದೊಂದಾಗಿ ಸೇರಿಕೊಂಡವು. ಅಂಥದೊಂದು ಕೋಣೆ ನಿಮ್ಮ ಮನೆಯಲ್ಲೂ ಇದ್ದೀತು; ಅದರ ಬಾಗಿಲನ್ನು ನೀವೂ ಅತಿಥಿಗಳು ಬಂದಾಗ ಮೆಲ್ಲಗೆ ಮುಂದಕ್ಕೆಳೆದಿರಬಹುದು.

ಆ ಕೋಣೆಗೆ ಜೀವ ಬಂದದ್ದು ನನ್ನ ತಂಗಿ ಸುಮಾಳ ಮಗಳು ಇಂಚರ ಬಂದಾಗ. ಸುಮಾ ಗಂಡನನ್ನು ಕಳೆದುಕೊಂಡಿದ್ದಳು. ಅದೇ ವರ್ಷ ಅವಳಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಗೊತ್ತಿಲ್ಲದ ಊರು, ರಾತ್ರಿಪಾಳಿ, ಜೊತೆಗೆ ಮೂರೂವರೆ ವರ್ಷದ ಮಗು. "ಈ ಕಡೆ ಟ್ರಾನ್ಸ್‌ಫರ್ ಆಗೋವರೆಗೂ ಇಟ್ಕೊಳ್ತೀಯಾ ಅಕ್ಕ?" ಎಂದು ಅವಳು ಕೇಳುವಾಗ ದನಿಯಲ್ಲಿದ್ದ ಸಂಕೋಚಕ್ಕೂ, ಹೂಂ ಅನ್ನುವಾಗ ನನ್ನೊಳಗೆ ಎದ್ದ ಸಂಭ್ರಮಕ್ಕೂ ಒಂದಕ್ಕೊಂದು ಹೊಂದಿಕೆಯೇ ಇರಲಿಲ್ಲ. ಒಬ್ಬಳ ಕಷ್ಟ ಇನ್ನೊಬ್ಬಳ ಸುಖವಾಗಿ ಬಾಗಿಲು ತಟ್ಟುವುದೂ ಉಂಟು. ಆಗ ಸಂತೋಷಪಡುವುದು ಹೇಗೆಂದು ನಮಗೆ ಯಾರೂ ಕಲಿಸಿರುವುದಿಲ್ಲ.

ದೊಡ್ಡಮ್ಮ ಎಂಬ ಮಾತನ್ನೇ ನೋಡಿ. ಅದರೊಳಗೆ ಅಮ್ಮ ಪೂರ್ತಿಯಾಗಿ ಇದ್ದಾಳೆ. ಆದರೆ ಮುಂದಿರುವ ಆ 'ದೊಡ್ಡ' ಗೌರವ ಕೊಟ್ಟಂತೆ ಮಾಡಿ, ನಮ್ಮನ್ನು ಅಮ್ಮನ ಜಾಗದಿಂದ ಒಂದು ಮಾರು ದೂರಕ್ಕೆ ಸರಿಸಿ ನಿಲ್ಲಿಸುತ್ತದೆ.

ಮಗು ಬಂದ ಮೊದಲ ತಿಂಗಳು ಆ ಕೋಣೆಯಲ್ಲಿ ಮಲಗಲು ಒಪ್ಪಲಿಲ್ಲ. "ಗೋಡೆ ಖಾಲಿ ಇದೆ, ಭಯ ಆಗತ್ತೆ" ಎನ್ನುತ್ತಿದ್ದಳು. ಭಾನುವಾರಗಳಲ್ಲಿ ನಾವು ಅವಳನ್ನು ಮಡಿವಾಳದ ಕೆರೆಗೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಹೆಜ್ಜಾರ್ಲೆಯೊಂದು ತನ್ನ ಚೀಲದಂಥ ಕೊಕ್ಕನ್ನು ತೆರೆದು ಮುಚ್ಚುವುದನ್ನು ಕಂಡು ಅವಳು ಕುಣಿದಾಡಿದ್ದಳು. ಹಾಗಾದರೆ ಕೆರೆಯನ್ನೇ ಮನೆಗೆ ತರೋಣ ಅಂದೆ.

ನಾನು ಚಿತ್ರಕಾರಳಲ್ಲ. ಬಾಗಿಲ ಮುಂದಿನ ರಂಗೋಲಿಯೇ ನನ್ನ ವಿದ್ಯೆಯ ಸರಹದ್ದು. ನಮ್ಮವರು ಸಾಮಾನೆಲ್ಲ ಹೊರಹಾಕಿ, ಉಪ್ಪುಕಾಗದದಲ್ಲಿ ಗೋಡೆಯನ್ನು ತಿಕ್ಕಿ ನಯಗೊಳಿಸಿ, ರೋಲರಿನಲ್ಲಿ ಮೇಲೆ ಆಕಾಶದ ನೀಲಿ, ಕೆಳಗೆ ನೀರಿನ ಹಸಿರು ಬಳಿದುಕೊಟ್ಟರು. ಹಕ್ಕಿಗಳ ಪಾಲು ನಮ್ಮಿಬ್ಬರದು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅವಳು ಒಳಗೆ ಬಣ್ಣ ತುಂಬುವಳು. ಗೆರೆಯ ಹೊರಗೇ ಹೆಚ್ಚು ತುಂಬುವಳು.

"ದೊಡ್ಡಮ್ಮ, ಬೆಳ್ಳಕ್ಕಿ ಕಾಲು ನೀರೊಳಗಿದೆ, ಬರೀಬೇಡ."

"ಬರೀದಿದ್ರೆ ಅದು ಬಿದ್ದುಹೋಗಲ್ವಾ?"

"ಬೀಳಲ್ಲ. ನಮಗೆ ಕಾಣಲ್ಲ ಅಷ್ಟೆ."

ಹೀಗೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಎರಡು ಹೆಜ್ಜಾರ್ಲೆ ಗೋಡೆಗೆ ಬಂದಿಳಿದವು. ಕೆಲಸ ಮಳೆಗಾಲವಿಡೀ ಹಿಡಿಯಿತು. ಬೇಗ ಮುಗಿಯಲಿ ಎಂದು ನನಗಂತೂ ಅನ್ನಿಸಲಿಲ್ಲ. ಕೊನೆಗೆ ದಡದ ಮೇಲೆ, ತನ್ನ ಎತ್ತರಕ್ಕೆ ಸಿಗುವ ಜಾಗದಲ್ಲಿ, ಇಂಚರ ತಾನೇ ಮೂವರನ್ನು ಬರೆದಳು. ಕನ್ನಡಕದ ದೊಡ್ಡಪ್ಪ, ಉದ್ದ ಜಡೆಯ ನಾನು, ನಡುವೆ ನಮ್ಮಿಬ್ಬರ ಕೈ ಹಿಡಿದ ಅವಳು. ಅಂದಿನಿಂದ ಅವಳು ಆ ಕೋಣೆಯಲ್ಲೇ ಮಲಗತೊಡಗಿದಳು.

ಎರಡು ವರ್ಷದ ಮೇಲೆ ಸುಮಾಳಿಗೆ ತುಮಕೂರಿಗೆ ವರ್ಗವಾಯಿತು. ಮಗಳನ್ನು ಕರೆದೊಯ್ಯಲು ಬಂದವಳು ಆ ಗೋಡೆಯ ಮುಂದೆ ನಿಂತಳು. ನಡುವೆ ರಜೆ ಸಿಕ್ಕಿ ಬಂದಾಗಲೆಲ್ಲ ಹಕ್ಕಿಗಳನ್ನು ನೋಡಿ ಹೊಗಳಿದ್ದಳು. ದಡದ ಮೇಲಿನ ಮೂವರ ಬಗ್ಗೆ ಕೇಳಿದ್ದು ಆವತ್ತೇ.

"ಇದರಲ್ಲಿ ಅಮ್ಮ ಎಲ್ಲಿ ಪುಟ್ಟಿ?"

"ಅಮ್ಮ ಇಲ್ಲಿರಲ್ವಲ್ಲ," ಎಂದಳು ಇಂಚರ. ಮಗು ಆಡಿದ್ದು ನಿಜ. ಅದರಲ್ಲಿ ದೂರೂ ಇರಲಿಲ್ಲ, ದುಃಖವೂ ಇರಲಿಲ್ಲ. ಸುಮಾ ನಕ್ಕಳು. ಆ ನಗೆಯನ್ನು ನೋಡಲಾರದೆ ನಾನು ಕಾಫಿಯ ನೆಪ ಹೇಳಿ ಅಡುಗೆಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಉಳಿದಿದ್ದ ಬಣ್ಣ ಕಲಸಿಕೊಂಡು ಬಂದು, "ನಿನ್ನನ್ನೂ ಬರೀತೀವಿ ಕಣೇ, ಪಕ್ಕದಲ್ಲಿ ಜಾಗ ಇದೆ," ಅಂದೆ. ಸುಮಾ ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ಬಟ್ಟಲಲ್ಲಿಟ್ಟಳು.

"ಬೇಡ ಅಕ್ಕ. ನಾನು ಇರಲಿಲ್ಲ ತಾನೇ? ಇಲ್ಲದವಳನ್ನ ಈಗ ಯಾಕೆ ಸೇರಿಸ್ತೀಯ?"

ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜಗಳವಾಡಿ, ಅತ್ತು, ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದು ಮುಗಿಸುತ್ತಿದ್ದೆವು. ಚಿಕ್ಕವರಿದ್ದಾಗ ಎಷ್ಟು ಜಗಳ ಹಾಗೆ ಮುಗಿದಿಲ್ಲ! ಇದು ಮುಗಿಯಲಿಲ್ಲ, ಏಕೆಂದರೆ ಶುರುವೇ ಆಗಲಿಲ್ಲ. ಅವರು ಹೊರಟರು. ಮಗು ಅಮ್ಮನ ಜೊತೆ ಹೊಂದಿಕೊಳ್ಳಲಿ, ನಾನು ಹೋದರೆ ಮತ್ತೆ ಮನಸ್ಸು ಎರಡಾದೀತು ಎಂದುಕೊಂಡು ಕೆಲವು ತಿಂಗಳು ಸುಮ್ಮನಿದ್ದೆ. ಆಮೇಲೆ ಕರೆಯಲಿ ಎಂದು ಕಾದೆ. ಯುಗಾದಿಗೊಂದು, ಸಂಕ್ರಾಂತಿಗೊಂದು ಫೋನು. ಅಡುಗೆ, ಮಳೆ, ಆರೋಗ್ಯ. ಒಂದೂವರೆ ಗಂಟೆಯ ದಾರಿ ಅದು. ಅಷ್ಟು ಹತ್ತಿರದ ಊರು ಅಷ್ಟು ದೂರವಾಗುವುದನ್ನು ನಾನು ಮನೆಯಲ್ಲೇ ಕೂತು ನೋಡಿದೆ. ಕೋಣೆಯನ್ನು ಮಾತ್ರ ಗುಡಿಸಿ ಒರೆಸಿ ಇಟ್ಟುಕೊಂಡಿದ್ದೆ. ಇಸ್ತ್ರಿ ಮೇಜು ಮತ್ತೆ ಒಳಗೆ ಹೋಗಲು ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಜಯನಗರದಲ್ಲಿ ಬಂಧುಗಳ ಮದುವೆಯಿತ್ತು. ಸುಮಾ ಮಗಳೊಂದಿಗೆ ಬಂದು ನಮ್ಮಲ್ಲೇ ಉಳಿದುಕೊಂಡಳು. ಇಂಚರಳಿಗೆ ಈಗ ಹತ್ತು ವರ್ಷ. ನನ್ನ ಭುಜದವರೆಗೆ ಬೆಳೆದಿದ್ದಾಳೆ. ಕೋಣೆಯೊಳಗೆ ಬ್ಯಾಗ್ ಇಟ್ಟವಳು ಗೋಡೆಯನ್ನು ನೋಡಿ, "ಸಖತ್ತಾಗಿದೆ! ದೊಡ್ಡಮ್ಮ, ಇದನ್ನ ನೀವು ಬರೆದಿದ್ದಾ?" ಎಂದು ಕೇಳಿದಳು.

ಮರೆತದ್ದಕ್ಕೆ ಅವಳನ್ನು ದೂರುವಂತಿಲ್ಲ. ಆ ವಯಸ್ಸಿನದು ನಿಮಗಾಗಲಿ ನನಗಾಗಲಿ ಏನು ನೆನಪಿದೆ? ಆದರೆ ಆ 'ನೀವು' ನನಗೆ ಹೊಸದು. ಒಳ್ಳೆಯ ಮನೆಯ ಮಗು ದೊಡ್ಡವರಿಗೆ ಕೊಡಬೇಕಾದ ಮರ್ಯಾದೆಯನ್ನೇ ಕೊಟ್ಟಿತ್ತು. ಅದನ್ನು ಬೇಡವೆನ್ನುವ ಹಕ್ಕು ನನಗೆಲ್ಲಿತ್ತು?

ಉತ್ತರ ಕೊಟ್ಟದ್ದು ಸುಮಾ. "ನೀನೂ ಬರೆದಿದ್ದೀಯ ಕಣೇ. ಈ ಮಿಂಚುಳ್ಳಿ ನಿಂದು, ಕಿತ್ತಳೆ ಬಣ್ಣ ಜಾಸ್ತಿ ಆಗಿ ಅತ್ತಿದ್ದೆ. ಬೆಳ್ಳಕ್ಕಿ ಕಾಲು ನೀರೊಳಗಿದೆ ಅಂತ ದೊಡ್ಡಮ್ಮಂಗೆ ಪಾಠ ಹೇಳಿದ್ದೆ. ಈ ನೀರುಕಾಗೆ ಬರೆದ ದಿನ ನಿಂಗೆ ಜ್ವರ." ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅವಳು ಬೆರಳಿಟ್ಟು ಹೇಳುತ್ತ ಹೋದಳು. ನಾನೇ ಮರೆತಿದ್ದ ಸಂಗತಿಗಳೂ ಅದರಲ್ಲಿದ್ದವು.

ಇಂಚರ ಹೊರಗೆ ಹೋದ ಮೇಲೆ ಕೇಳಿದೆ, "ಇಷ್ಟೆಲ್ಲ ನಿಂಗೆ ಹೇಗೆ ಗೊತ್ತು?"

"ದಿನಾ ಫೋನಲ್ಲಿ ಹೇಳ್ತಿದ್ದಳಲ್ಲ ಅಕ್ಕ. ಅದನ್ನ ಕೇಳಿಕೊಂಡೇ ಡ್ಯೂಟಿಗೆ ಹೋಗ್ತಿದ್ದೆ." ಗೋಡೆಯಿಂದ ನನ್ನ ಕಡೆ ತಿರುಗಿ ಅಂದಳು, "ತುಮಕೂರಿಗೆ ಹೋದ ಹೊಸದರಲ್ಲಿ ಬೆಲ್ ಆದಾಗೆಲ್ಲ 'ದೊಡ್ಡಮ್ಮ ಬಂದ್ಲು' ಅಂತ ಓಡ್ತಿದ್ದಳು. ಆಮೇಲಾಮೇಲೆ ನಿಲ್ಲಿಸಿದಳು. ನೀನು ಯಾಕೆ ಬರಲೇ ಇಲ್ಲ?"

"ನೀನು ಕರೀಲಿಲ್ಲ."

"ನಾನು ಕರೀಬೇಕಿತ್ತಾ ಅಕ್ಕ?"

ಇಬ್ಬರೂ ಮಂಚದ ಅಂಚಿನಲ್ಲಿ ಕೂತಿದ್ದೆವು. ಹಾಲುಹಲ್ಲು ಬಿದ್ದದ್ದು, ಅಕ್ಷರ ಕೂಡಿಸಿ ಓದಿದ್ದು, ಸೈಕಲ್ ಕಲಿತು ಮಂಡಿ ತರಚಿಕೊಂಡದ್ದು, ಇದೆಲ್ಲ ಎಂದೋ ನಡೆದು ಮುಗಿದಿತ್ತು. ಎಷ್ಟು ಪ್ರೀತಿಯಿದ್ದರೂ ಅದನ್ನು ಈಗ ಹಿಂದಕ್ಕೆ ಹೋಗಿ ನೋಡಿಬರಲಾಗದು.

ಮುಂದಿನ ಭಾನುವಾರ ನಾನು ಬಸ್ಸು ಹತ್ತಿ ತುಮಕೂರಿಗೆ ಹೋದೆ. ಮೊದಲ ಮಹಡಿಯ ಪುಟ್ಟ ಮನೆ. ಬಾಗಿಲ ಮುಂದೆ ಒಗೆದ ಯೂನಿಫಾರ್ಮು ಒಣಗುತ್ತಿತ್ತು. ಬೆಲ್ ಒತ್ತಿದೆ. ಒಳಗಿನಿಂದ ಹೆಜ್ಜೆ ಸಪ್ಪಳ ನಿಧಾನವಾಗಿ ಬಂತು. ಇಂಚರ ಬಾಗಿಲು ತೆರೆದು, ನಕ್ಕು, ನನ್ನ ಚೀಲವನ್ನು ಕೈಗೆ ತೆಗೆದುಕೊಂಡು, ಒಳಗೆ ತಿರುಗಿ ಕೂಗಿದಳು: "ಅಮ್ಮಾ, ದೊಡ್ಡಮ್ಮ ಬಂದಿದ್ದಾರೆ."