ಕೊಡಗಲ್ಲಿನ ಏಳು ಗುಳಿ

ಗೋಗಿಯಿಂದ ಟಂಟಂ ಆಟೋ ಹತ್ತಿದರೆ ಅರ್ಧ ತಾಸಿನ ದಾರಿಯಲ್ಲಿ ಒಂದು ಊರು. ಆ ಊರಿನಲ್ಲಿ ನಲ್ಲಿಗೆ ನೀರು ಬಿಡುವ ಕೆಲಸ ಅಮರಪ್ಪನದು. ಐವತ್ತೆರಡು ವರ್ಷ, ತೆಳ್ಳನೆಯ ಆಳು, ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಏಳನೆಯ ತರಗತಿಯಲ್ಲಿ ಓದು ನಿಂತಿತು. ಅಕ್ಷರ ಮಾತ್ರ ಇಂದಿಗೂ ಮುತ್ತು ಪೋಣಿಸಿದಂತೆ. ನೀರು ಬರುವ ಸಮಯ ಬದಲಾದರೆ ಪಂಚಾಯಿತಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಅವನೇ ಬರೆಯುತ್ತಿದ್ದ. ಓದಲು ಬಾರದ ಮುದುಕಿಯರೂ ನಿಂತು ಆ ಸಾಲನ್ನು ನೋಡಿ ಹೋಗುತ್ತಿದ್ದರು.

ಊರಿನ ನಡುವೆ ಒಂದು ಹಳೆಯ ಮೆಟ್ಟಿಲ ಬಾವಿ. ನಾಲ್ಕೂ ಕಡೆ ಕಲ್ಲಿನ ಕಟ್ಟಡ, ಗೂಡುಗಳಲ್ಲಿ ಕೆತ್ತಿದ ನವಿಲು, ಆನೆ. ನಲ್ಲಿ ಬಂದ ಮೇಲೆ ಊರಿಗೆ ಆ ಬಾವಿ ಕಸದ ಗುಂಡಿಯಾಗಿತ್ತು. ಪಂಚಾಯಿತಿ ಅಧ್ಯಕ್ಷೆಯ ಗಂಡ ಪರಮಣ್ಣನಿಗೆ ಅದು ಇದ್ದಕ್ಕಿದ್ದಂತೆ ನೆನಪಾಯಿತು.

"ಶಾಪುರದ ಗುಡ್ಡದಾಗ ಬುದ್ಧ ಮಲಗ್ಯಾನಂತ ಮಂದಿ ನೋಡಾಕ ಬರ್ತಾರ. ಬೋನಾಳ ಕೆರಿಗೆ ಹಕ್ಕಿ ನೋಡಾಕ ಬರ್ತಾರ. ನಮ್ಮ ಬಾವಿ ಏನ ಕಮ್ಮಿ ಅದ? ಹದಿನೈದ ದಿನಕ್ಕ ಜಿಲ್ಲಾದಿಂದ ಮೇಡಮ್ ಬರ್ತಾರ, ನೋಡೂ ಜಾಗದ ಪಟ್ಟಿಗಿ ಹಚ್ಚಾಕ. ಅಷ್ಟರಾಗ ಸ್ವಚ್ಛ ಆಗಬೇಕು, ಅಮರ್ಯಾ."

ಪರಮಣ್ಣ ಅಮರಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಆದರೂ ಅವನ ಬಾಯಲ್ಲಿ ಅಮರಪ್ಪ ಅಮರ್ಯಾನೇ.

"ನನ್ನ ಕೆಲಸ ನಲ್ಲಿದ್ರಿ ಸಾವಕಾರ್ರ. ಬಾವಿದಲ್ಲ."

"ನೀರಂದ್ರ ನೀರ. ನಿನ್ನ ಬಿಟ್ರ ಒಳಗ ಇಳಿಯವರು ಯಾರದಾರ? ನೌಕರಿ ಇನ್ನೂ ಕಾಯಂ ಆಗಿಲ್ಲ, ನೆನಪಿರ್ಲಿ."

ಅಮರಪ್ಪನಿಗೆ ನಗು ಬಂತು, ನುಂಗಿಕೊಂಡ. ಆ ಬಾವಿಯಲ್ಲಿ ಸಿಹಿ ನೀರಿದ್ದ ಕಾಲದಲ್ಲಿ ಅವನ ಕೇರಿಯವರು ಮೆಟ್ಟಿಲು ಮುಟ್ಟುವಂತಿರಲಿಲ್ಲ. ಬಾವಿಯಿಂದ ಹತ್ತು ಹೆಜ್ಜೆ ಈಚೆಗೆ ಒಂದು ಹಾಸುಗಲ್ಲು. ಅದರಲ್ಲಿ ಸಾಲಾಗಿ ಏಳು ಗುಳಿ. ದುಂಡು ತಳದ ಗಡಿಗೆ ಉರುಳಬಾರದೆಂದು ಯಾರೋ ಕಡೆದ ಗುಳಿಗಳು, ತಲೆಮಾರುಗಳ ಗಡಿಗೆ ಕೂತು ಕೂತು ಕನ್ನಡಿಯಂತೆ ನುಣುಪಾಗಿದ್ದವು. ಕೇರಿಯ ಹೆಂಗಸರು ಅಲ್ಲಿ ಕೊಡವಿಟ್ಟು ದೂರ ಸರಿದು ನಿಂತು, "ಯವ್ವಾ, ಒಂದ ಕೊಡ ಹಾಕ್ರಿ" ಎಂದು ಕೂಗಬೇಕು. ದಯೆ ಬಂದವರು ಎತ್ತರದಿಂದ ಸುರಿಯುತ್ತಿದ್ದರು. ಬಾರದಿದ್ದರೆ ಬಿಸಿಲು ನೆತ್ತಿಗೇರುವವರೆಗೆ ನಿಲ್ಲಬೇಕು. ಕೇರಿಯಲ್ಲಿ ಅದರ ಹೆಸರು ಕೊಡಗಲ್ಲು. ಅಮರಪ್ಪನ ತಾಯಿ ಮರಿಲಿಂಗಮ್ಮ ಹುಡುಗಿಯಾಗಿದ್ದಾಗ ಒಂದು ದಿನ ಕಾದು ಸಾಕಾಗಿ ಮೂರು ಮೆಟ್ಟಿಲು ಇಳಿದಿದ್ದಳು. ಅವಳ ಗಡಿಗೆ ಒಡೆದರು. ಬಾವಿಯ ಹಗ್ಗದಿಂದ ಬಿದ್ದ ಏಟಿನ ಗುರುತು ಈಗಲೂ ಕಿವಿಯ ಹಿಂದೆ ಇದೆ.

ಈಗ ಅದೇ ಬಾವಿಗೆ ಅವಳ ಮಗನೇ ಇಳಿಯಬೇಕು.

ಅಮರಪ್ಪ ಯೋಚಿಸಿ ಹೇಳಿದ: "ಇಳೀತೀನ್ರಿ. ನಂದೊಂದು ಮಾತು. ಬಾವಿ ಮುಂದ ಬೋರ್ಡ ಹಾಕಸ್ತೀರಲ್ಲ, ಅದರಾಗ ಕೊಡಗಲ್ಲಿಂದೂ ಒಂದ ಸಾಲ ಬರಸ್ರಿ. ನಾನ ಬರದ ಕೊಡ್ತೀನಿ."

"ಅಷ್ಟೇನ? ಬರದ ಕೊಡು, ಹಾಕಸ್ತೀನಿ."

ನೋಟುಬುಕ್ಕಿನ ಹಾಳೆ ಹರಿದು ಅಮರಪ್ಪ ಒಂದೇ ಸಾಲು ಬರೆದ: 'ಬಾವಿ ಮುಟ್ಟಲು ಬಿಡದ ಕಾರಣ ಕೇರಿಯ ಹೆಣ್ಣುಮಕ್ಕಳು ಈ ಕಲ್ಲಿನ ಮೇಲೆ ಕೊಡವಿಟ್ಟು ನೀರಿಗಾಗಿ ಕಾಯುತ್ತಿದ್ದರು.' ಪರಮಣ್ಣ ಅದನ್ನು ಓದದೆ ಮಡಚಿ ಅಂಗಿಯ ಜೇಬಿಗೆ ಇಳಿಸಿದ.

ಗೆಳೆಯ ಗಯಾಸ ಡೀಸೆಲ್ ಎಂಜಿನ್ನು, ಟ್ರ್ಯಾಕ್ಟರು ತಂದ. ನೀರು ಇಳಿಯುತ್ತಾ ಹೋದಂತೆ ಊರಿನ ಹೊಟ್ಟೆಯೊಳಗಿನದೆಲ್ಲ ಮೇಲೆ ಬಂತು. ಕೋಳಿ ಅಂಗಡಿಯ ಪುಕ್ಕ, ಕರುಳು. ಮಕ್ಕಳ ಉಚ್ಚೆಯಲ್ಲಿ ಊದಿದ ಡೈಪರು. ದೃಷ್ಟಿ ತೆಗೆದು ಎಸೆದ ಕುಂಬಳಕಾಯಿ. ಗಾಜೊಡೆದ ದೇವರ ಫೋಟೋ. ಕೈಕಾಲು ಕಳೆದುಕೊಂಡ ಗಣಪತಿಗಳು. ಚುನಾವಣೆಯ ಬ್ಯಾನರಿನಲ್ಲಿ ಕೈಮುಗಿದು ನಿಂತ ಮುಖಗಳು, ಅವುಗಳ ತುಂಬ ಕೆಸರು. ಮೂರನೆಯ ದಿನ ಒಂದು ನಾಯಿ. ಎತ್ತಲು ಹೋದರೆ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು. ಅಮರಪ್ಪ ಮೆಟ್ಟಿಲ ಮೇಲೆ ಕೂತು ಕಕ್ಕಿಕೊಂಡ.

ಗಯಾಸ ಮೂಗಿಗೆ ಟವೆಲ್ ಸುತ್ತಿಕೊಂಡು ಮೇಲಿನಿಂದಲೇ ಅಂದ: "ಅಮರಣ್ಣಾ, ಈ ಊರಾಗ ದೇವರಿಗೂ ಬಿಟ್ಟಿಲ್ಲ, ನಾಯಿಗೂ ಬಿಟ್ಟಿಲ್ಲ. ಎಲ್ಲಾರ್ನೂ ಒಂದ ಕಡಿ ಕೂಡ್ಸ್ಯಾರ ನೋಡು."

"ನಮ್ಮವ್ವ ಮುಟ್ಟಿದ್ರ ಈ ನೀರ ಮೈಲಿಗಿ ಆಗ್ತಿತ್ತಂತ," ಅಂದ ಅಮರಪ್ಪ, ಬಾಯಿ ಒರೆಸಿಕೊಂಡು.

ಗಯಾಸ ಟವೆಲ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ತಾನೂ ಇಳಿದು ಬುಟ್ಟಿಗೆ ಕೈ ಹಚ್ಚಿದ.

ಐದು ದಿನ ಹಿಡಿಯಿತು. ಪ್ರತಿ ಸಂಜೆ ಅಮರಪ್ಪ ಅಂಗಳದಲ್ಲಿ ಮೂರು ಸಲ ಸೋಪು ಹಚ್ಚಿ ಮೈ ತೊಳೆದರೂ ಊಟದ ತುತ್ತಿನಲ್ಲಿ ಅದೇ ವಾಸನೆ. ಕಡೆಯ ದಿನ ಹೊರಸಿನ ಮೇಲೆ ಕುಳಿತಿದ್ದ ಮರಿಲಿಂಗಮ್ಮ ಕೇಳಿದಳು.

"ಒಟ್ಟ ಎಷ್ಟ ಮೆಟ್ಟಲ ಅದಾವೋ ತಮ್ಮಾ?"

"ನಲವತ್ತೆರಡು, ಯವ್ವಾ."

"ಹೌದ? ನಾ ಮೂರ ಕಂಡಿದ್ದೆ."

ತಳದ ಊಟೆಯಿಂದ ಒಸರಿದ ಹೊಸ ನೀರು ಎರಡು ದಿನದಲ್ಲಿ ಏರಿತು, ಆದರೆ ಬಣ್ಣ ಕಲಗಚ್ಚಿನದು. ಫೋಟೋಕ್ಕೆ ಚಂದ ಕಾಣಲಿ ಎಂದು ಪರಮಣ್ಣ ಬಟ್ಟೆಗೆ ಹಾಕುವ ನೀಲಿ ತರಿಸಿ ಎರಡು ಬಕೆಟ್ ಕಲಸಿ ಸುರಿಸಿದ. ವಾಸನೆಗೆ ಫಿನಾಯಿಲು. ಅಮರಪ್ಪ ಬೇಡವೆಂದ, ಕೇಳುವವರಿರಲಿಲ್ಲ.

ಮೇಡಮ್ ಬರುವ ಹಿಂದಿನ ದಿನ ಬೋರ್ಡು ನೆಟ್ಟರು. ಅಮರಪ್ಪ ಚಾವಿಯನ್ನು ಊರಿ ನಿಂತು ಓದಿದ. 'ನಮ್ಮ ಗ್ರಾಮದ ನೋಡತಕ್ಕ ಸ್ಥಳಗಳು. ಒಂದು: ರಾಣಿಯ ಬಾವಿ. ಸರ್ವಜನರ ಉಪಯೋಗಕ್ಕಾಗಿ ಕಟ್ಟಿಸಿದ್ದು. ಎರಡು: ರಾಣಿಯ ದೀಪಗಲ್ಲು. ಇದರ ಏಳು ಗುಳಿಗಳಲ್ಲಿ ದಾಸಿಯರು ದೀಪ ಹಚ್ಚುತ್ತಿದ್ದರು.'

ಅವನು ಸೀದಾ ಪರಮಣ್ಣನ ಕಟ್ಟೆಗೆ ಹೋದ. "ನನ್ನ ಸಾಲ ಎಲ್ಲಿ ಹೋತ್ರಿ?"

"ಅಂಥಾದ್ದು ಬೋರ್ಡಿನ ಮ್ಯಾಲ ಬರಸ್ತಾರೇನೋ? ನೋಡಾಕ ಬಂದವರು ಖುಷಿಯಾಗಿ ಹೋಗಬೇಕು. ದೀಪ ಅಂದ್ರ ಚಂದ ಅನ್ನಸ್ತದ."

ನಾಯಿಯನ್ನು ಎತ್ತಿದಾಗ ಬಂದ ಹೇಸಿಗೆಗಿಂತ ಹೆಚ್ಚಿನ ಹೇಸಿಗೆ ಅಮರಪ್ಪನಿಗೆ ಆ ಮಾತಿಗೆ ಬಂತು. ನಾಯಿಯದು ತೊಳೆಯುತ್ತಾ ಹೋದರೆ ಒಂದು ದಿನ ಹೋಗುವಂಥದು. ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದ. ಮುದುಕಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ದೀಪ ಅಂತನ?" ಅಂದಳು. "ಅಟ್ಟದ ಮ್ಯಾಲಿನ ಗಡಿಗಿ ಇಳಸು. ನಾಳೆ ಗಯಾಸಗ ಟಂಟಂ ತರಾಕ ಹೇಳು."

ಮರುದಿನ ಮೇಡಮ್ ಬಂದರು, ಜೊತೆಗೆ ನಾಲ್ಕಾರು ಜನ. ಬಾವಿಯ ನವಿಲು, ಆನೆಗಳನ್ನು ನೋಡಿ ಮೆಚ್ಚಿದರು. ಪರಮಣ್ಣ ಬಿಳಿಯ ಬಟ್ಟೆಯಲ್ಲಿ ಮುಂದೆ ಮುಂದೆ ನಡೆದು, "ಇದು ದೀಪಗಲ್ಲು ನೋಡ್ರಿ" ಎಂದು ತಿರುಗಿದರೆ, ಹಾಸುಗಲ್ಲಿನ ಎರಡನೆಯ ಗುಳಿಯಲ್ಲಿ ಒಂದು ಮಣ್ಣಿನ ಗಡಿಗೆ. ಅಚ್ಚಿನಲ್ಲಿ ಹೊಯ್ದಂತೆ ಅಲ್ಲಾಡದೆ ಕೂತಿತ್ತು. ಹತ್ತು ಹೆಜ್ಜೆ ಆಚೆಗೆ, ಸೆರಗು ಹೊದ್ದು, ಕೋಲೂರಿ ಮರಿಲಿಂಗಮ್ಮ ನಿಂತಿದ್ದಳು.

"ಅಜ್ಜೀ, ಇಲ್ಲಿ ಯಾಕ ನಿಂತೀರಿ?" ಮೇಡಮ್ ಕೇಳಿದರು.

"ನೀರಿಗಿ ನಿಂತೀನ್ರಿ. ಯಾರರ ಹಾಕಿದ್ರ ಒಯ್ತೀನಿ."

ಮೇಡಮ್ ಗಡಿಗೆ ನೋಡಿದರು, ಗುಳಿ ನೋಡಿದರು, ಬೋರ್ಡು ನೋಡಿದರು. ಅವರು ಏನೂ ಕೇಳುವ ಮೊದಲೇ ಪರಮಣ್ಣ, "ಮುದುಕಿಗಿ ಅರವು ಮರವು ಮೇಡಮ್. ಅಮರ್ಯಾ, ಹೋಗಿ ತುಂಬ್ಕೊಂಡ ಬಾ, ಕೊಟ್ಟ ಕಳಸು" ಅಂದ.

ಅಮರಪ್ಪ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಲ್ಲೇ ನಿಂತಿದ್ದ.

"ಅವ ತುಂಬಾಂಗಿಲ್ರಿ ಸಾವಕಾರ್ರ," ಅಂದಳು ಮರಿಲಿಂಗಮ್ಮ, ಮೆಲ್ಲಗೆ. "ನಮ್ಮವರ ಕೈ ಬಾವ್ಯಾಗ ಹೋಗಬಾರದು. ನೀವ ಹಾಕಬೇಕು. ನಿಮ್ಮಜ್ಜಿನೂ ಹಂಗ ಹಾಕ್ತಿದ್ಳು, ಪುಣ್ಯಾತ್ಗಿತ್ತಿ."

ಗಯಾಸ ಕೆಮ್ಮಿದ. ಮೇಡಮ್ ಪರಮಣ್ಣನ ಮುಖವನ್ನೇ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಬಿಳಿಯ ಧೋತರ ಎತ್ತಿ ಹಿಡಿದು, ಬಕೆಟ್ಟು ತೆಗೆದುಕೊಂಡು ಪರಮಣ್ಣ ಮೆಟ್ಟಿಲು ಇಳಿದ. ಏದುಸಿರು ಬಿಡುತ್ತಾ ಮೇಲೆ ಬಂದು ಗಡಿಗೆಗೆ ನೀರು ಸುರಿದ. ಸುರಿಯುವಾಗ ಅವನ ಕೈ ತಾನಾಗಿಯೇ ಮೇಲೆ ಹೋಯಿತು. ಬಕೆಟ್ಟಿನ ಅಂಚು ಗಡಿಗೆಗೆ ತಾಕದಂತೆ ಒಂದು ಮೊಳ ಮೇಲೆ. ಅವನಿಗೆ ಅದರ ಅರಿವಿರಲಿಲ್ಲ. ಅಮರಪ್ಪ ನೋಡಿದ. ಮೇಡಮ್ಮೂ ನೋಡಿದರು.

ಮರಿಲಿಂಗಮ್ಮ ಕೋಲೂರುತ್ತಾ ಬಂದು ಗಡಿಗೆಯಲ್ಲಿ ಇಣುಕಿದಳು. ಬೆರಳದ್ದಿ ಮೂಗಿಗೆ ಹಿಡಿದಳು. ಬೆರಳ ತುದಿ ನೀಲಿಯಾಗಿತ್ತು, ಫಿನಾಯಿಲಿನ ಅಡಿಯಲ್ಲಿ ಸತ್ತದ್ದರ ವಾಸನೆ ಇನ್ನೂ ಇತ್ತು. ಗಡಿಗೆಯನ್ನು ವಾಲಿಸಿ ನೀರನ್ನೆಲ್ಲ ಕಲ್ಲಿನ ಬುಡಕ್ಕೆ ಚೆಲ್ಲಿದಳು.

"ಥೂ. ಎಮ್ಮಿನೂ ಮೂಸಾಂಗಿಲ್ಲ. ಇದಕ್ಕ ನಮ್ಮವ್ವ ಹೊತ್ತ ಏರೂತನ ನಿಂದರ್ತಿದ್ಳು."

ಮೇಡಮ್ ಮುದುಕಿಯ ಪಕ್ಕದಲ್ಲಿ ಆ ಕಲ್ಲಿನ ಮೇಲೆಯೇ ಕುಳಿತು ಎಲ್ಲವನ್ನೂ ಕೇಳಿ ಬರೆದುಕೊಂಡರು. ಏಳುವಾಗ ಪರಮಣ್ಣನಿಗೆ ಹೇಳಿದ್ದು ಇಷ್ಟೇ: "ಬೋರ್ಡು ಸುಳ್ಳು ಇರೋ ತನಕ ಪಟ್ಟಿಯಲ್ಲಿ ನಿಮ್ಮ ಬಾವಿ ಇರಲ್ಲ."

ಮೂರು ವಾರಕ್ಕೆ ಹೊಸ ಬೋರ್ಡು ಬಂತು. ಬೆಳಗಿನ ನೀರು ಬಿಡಲು ಹೊರಟ ಅಮರಪ್ಪ ಅದರ ಮುಂದೆ ನಿಂತ. ರಾಣಿ ಹೋಗಿದ್ದಳು, ದೀಪ ಹೋಗಿತ್ತು. ಅವನ ಸಾಲು ಒಂದಕ್ಷರ ತಪ್ಪದೆ ಅಲ್ಲಿತ್ತು. ಆದರೆ ಅದರ ತಲೆಯ ಮೇಲೆ ಯಾರೋ ಎರಡು ಪದ ಕೂಡಿಸಿದ್ದರು: 'ಪುರಾತನ ಕಾಲದಲ್ಲಿ'.

ಪುರಾತನ ಕಾಲದವಳು ಮನೆಯಲ್ಲಿ ಹೊರಸಿನ ಮೇಲೆ ಕುಳಿತು ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದಳು. ಅಮರಪ್ಪ ಪಕ್ಕಕ್ಕೆ ತಿರುಗಿ ಉಗುಳಿದ. ಹೆಗಲ ಮೇಲಿನ ಚಾವಿ ಇಳಿಸಿ, ಅದರ ಕಬ್ಬಿಣದ ತುದಿಯಿಂದ ಆ ಎರಡೇ ಎರಡು ಪದಗಳನ್ನು, ಉಳಿದ ಅಕ್ಷರಕ್ಕೆ ಗೀರು ಬೀಳದ ಹಾಗೆ, ಕೆರೆದು ತೆಗೆದ. ತಗಡಿನ ಮೇಲಿನ ಬಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿದ. ಆಮೇಲೆ ವಾಲ್ವು ತಿರುಗಿಸಲು ಹೋದ. ಕೇರಿಯ ನಲ್ಲಿಗೆ ಆ ದಿನ ನೀರು ಹತ್ತು ನಿಮಿಷ ತಡವಾಗಿ ಬಂತು.