ನರಸಮ್ಮನಿಗೇ ಬಂದ ಉಪ್ಪಿಟ್ಟು

ಗೋವಿಂದರಾಜನಗರದ ಆ ಗಲ್ಲಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುತ್ತಿದ್ದುದು ನರಸಮ್ಮನ ಉಪ್ಪಿಟ್ಟು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಂತ ಅಳುವವರ ಹೊಟ್ಟೆ ಸುಮ್ಮನಿರುತ್ತದೆಯೇ? ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ಗಟ್ಟಿಯಾದ ಕೈ ಅವಳದು. ದಬರಿಗಟ್ಟಲೆ ಉಪ್ಪಿಟ್ಟು ಮಾಡಿ ಹೊತ್ತು ತಂದು, "ಅಳೋಕೂ ಶಕ್ತಿ ಬೇಕು, ತಿನ್ರೋ" ಎಂದು ಗದರಿಸಿ ಬಡಿಸುತ್ತಿದ್ದಳು.

ಈಗ ಅವಳಿಗೇ ಲಿವರ್ ಕ್ಯಾನ್ಸರ್. ಇನ್ನು ವಾಸಿಯಾಗದು ಎಂದು ಡಾಕ್ಟರು ಕೈಚೆಲ್ಲಿದ್ದರು. ಹೇಗಾದರೂ ಮಾಡಿ ಐಸಿಯುಗೆ ಸೇರಿಸಬೇಕೆಂದು ಮಗ ನಾಗೇಂದ್ರನ ಹಟ. ತನ್ನ ಗಲ್ಲಿಯ ಗಲಾಟೆ ಕೇಳುತ್ತಲೇ ಕಣ್ಣು ಮುಚ್ಚಬೇಕೆಂದು ಅವಳ ಹಟ. ಕೊನೆಗೆ, ಒಂದು ವಾರ ನೋಡೋಣ ಎಂದು ನಾಗೇಂದ್ರ, ಕೊನೆಗಾಲದ ರೋಗಿಗಳ ಆರೈಕೆ ಮಾಡುವ ಹಾಸ್ಪೈಸಿನವರನ್ನು ಕರೆಸಿದ. ನರ್ಸ್ ಸ್ಮೃತಿ ಸ್ಕೂಟರಿನಲ್ಲಿ ಮನೆಗೇ ಬಂದು ನೋವಿಗೆ ಮಾರ್ಫಿನ್, ವಾಂತಿಗೆ ಮಾತ್ರೆ ಕೊಟ್ಟಳು. "ಕಾಯಿಲೆ ಹೋಗಲ್ಲ ಅಜ್ಜಿ. ನೋವು ಕಮ್ಮಿ ಮಾಡ್ತೀವಿ. ಬಾಯಿಗೆ ರುಚಿ ಅನ್ಸಿದ್ದು ತಿನ್ನಿ" ಅಂದಳು. ಅಂದು ನರಸಮ್ಮ ಗೊರಕೆ ಹೊಡೆದು ಮಲಗಿದಳು.

ವಾರ ಮುಗಿಯುವ ಬೆಳಿಗ್ಗೆ ಗಾಳಿ ಹಾಸಿಗೆ ಹೊತ್ತ ಹಾಸ್ಪೈಸಿನ ಬಿಳಿ ವ್ಯಾನು ಬಾಗಿಲಲ್ಲಿ ನಿಂತಿತು. ಎದುರುಮನೆ ಕಲಾ ಅದನ್ನು ಕಂಡದ್ದೇ ತಡ, ಹೆಣದ ವ್ಯಾನೇ ಬಂತು, ನರಸಮ್ಮನ ಕಥೆ ಮುಗಿಯಿತು ಎಂದುಕೊಂಡಳು. ಗಡಿಬಿಡಿಯಲ್ಲಿ ಒಂದು ದಬರಿ ಉಪ್ಪಿಟ್ಟು ಕೆದಕಿ, ಹೊತ್ತುಕೊಂಡು, ಗೊಳೋ ಎಂದು ಅಳುತ್ತಾ ಒಳಗೆ ನುಗ್ಗಿದಳು.

ನರಸಮ್ಮ ಮಂಚದ ಮೇಲೆ ಕೂತು ಸ್ಮೃತಿಯ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು. "ಯಾರೇ ಕಲಾ ಹೋಗಿದ್ದು?"

"ನೀವೇ ಕಣಕ್ಕಾ!"

ಸ್ಮೃತಿ ಬಾಚಣಿಗೆ ಬಿಟ್ಟು ಬಿದ್ದು ಬಿದ್ದು ನಕ್ಕಳು. ನರಸಮ್ಮನಿಗೂ ನಕ್ಕು ನಕ್ಕು ಕೆಮ್ಮು ಬಂತು. "ಹಂಗಾದ್ರೆ ಮೊದ್ಲು ಹೋದೋಳಿಗೇ ಬಡ್ಸೇ!"

ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. "ರವೆ ಹುರಿದೇ ಇಲ್ವಲ್ಲೇ. ನಿಜವಾಗ್ಲೂ ಹೋದಾಗ ಸರಿಯಾಗಿ ಹುರಿ. ನನ್ನ ಮಾನ ಕಳೀಬೇಡ."

ಐಸಿಯುನಲ್ಲಿ ಬೆಡ್ ವಿಚಾರಿಸಲು ನಾಗೇಂದ್ರ ಫೋನು ಹಿಡಿದು ನಿಂತಿದ್ದ. ಅಮ್ಮ ಎರಡನೇ ತುತ್ತಿಗೆ ಕೈ ಹಾಕಿದ್ದನ್ನು ನೋಡಿದ. ಎಷ್ಟೋ ದಿನದಿಂದ ಗಂಜಿಯೂ ಇಳಿಯದ ಗಂಟಲು ಅದು. ಅವನಿಗೆ ನಗುವೂ ಬಂತು, ಅಳುವೂ ಬಂತು. ಫೋನನ್ನು ಜೇಬಿಗಿಳಿಸಿ, "ಇಲ್ಲೇ ಇರಮ್ಮ" ಅಂದ.

"ಇರ್ತೀನಿ. ಉಪ್ಪಿಟ್ಟು ತಂದೋಳಿಗೆ ಕಾಫಿ ಕೊಡಲ್ವೇನೋ? ಹೋಗು, ಒಲೆ ಹಚ್ಚು."

ನಾಗೇಂದ್ರ ಒಳಗೆ ಹೋಗಿ ಒಲೆ ಹಚ್ಚಿದ.